ಔಟ್‌ಬೋರ್ಡ್ ಎಂಜಿನ್‌ನಲ್ಲಿ ಹೊಸ ಸದ್ದು: ಬಿಚ್ಚುವ ಮೊದಲು ಹುಡುಕುವ ಬಗೆ

ನಾಡದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್‌ನಲ್ಲಿ ಎದೆ ನಡುಗಿಸುವಂಥ ಸದ್ದು ಬಂದರೆ ಅದರ ಹಿಂದೆ ಬಹಳಷ್ಟು ಸಲ ಇರುವುದು ಅಗ್ಗದ ಕಾರಣ: ಸಡಿಲಾದ ಒಂದು ನಟ್ಟು, ಪ್ರೊಪೆಲ್ಲರ್‌ಗೆ ಸುತ್ತಿಕೊಂಡ ಬಲೆಯ ಚೂರು, ಸವೆದುಹೋದ ರಬ್ಬರ್ ಬುಷ್. ಎಂಜಿನ್ನನ್ನೇ ನುಂಗುವ ದೋಷಗಳು ಇಷ್ಟು ಗಲಾಟೆ ಮಾಡುವುದಿಲ್ಲ. ಅವು ಮೊದಮೊದಲು ಕೆಳಗೆಲ್ಲೋ ಸಣ್ಣಗೆ ಕುಂಯ್‌ಗುಡುತ್ತವೆ, ಇಲ್ಲವೇ ದೋಣಿ ತುಂಬಿದಾಗ ಮಾತ್ರ ಟಿಣ್ ಟಿಣ್ ಎನ್ನುತ್ತವೆ. ಸದ್ದು ಎಷ್ಟು ದೊಡ್ಡದು ಎಂಬುದಕ್ಕಿಂತ ಅದು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದೇ ದೋಷದ ಜಾಡು ಹಿಡಿಸುತ್ತದೆ. ಇದನ್ನು ನೋಡದೆ, ದೋಣಿ ದಡ ಸೇರಿದ ಕೂಡಲೇ ಸ್ಪ್ಯಾನರ್ ಹಿಡಿದು ಸಿಲಿಂಡರ್ ಹೆಡ್ಡಿಗೆ ಕೈಹಾಕುವ ಮೆಕ್ಯಾನಿಕ್‌ಗಳಿಗೆ ಕೊರತೆಯಿಲ್ಲ. ಹೆಡ್ ಬಿಚ್ಚಿದರೆ ಗ್ಯಾಸ್ಕೆಟ್ ಹೊಸದು ಬೇಕು, ಉಪ್ಪು ಹಿಡಿದ ಬೋಲ್ಟ್ ಒಂದೆರಡಾದರೂ ಮುರಿಯುತ್ತದೆ, ಕೊನೆಗೆ ಸದ್ದು ಮಾಡುತ್ತಿದ್ದುದು ಕೆಳಗೆ ಪ್ರೊಪೆಲ್ಲರಿನ ಬಳಿ ಗೇರುಗಳಿರುವ ಗೇರ್ ಕೇಸ್ ಎಂದು ತಿಳಿಯುತ್ತದೆ.

ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ 8ರಿಂದ 10 ಅಶ್ವಶಕ್ತಿಯ, ಎರಡು ಸಿಲಿಂಡರ್‌ನ ಟು ಸ್ಟ್ರೋಕ್ ಎಂಜಿನ್‌ಗಳ ಬಗ್ಗೆ. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಾಯಿಸುವ ಮಾದರಿಗಳಿವು. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದ್ದಾಗಲೂ 10 ಅಶ್ವಶಕ್ತಿಯೊಳಗಿನ ಎಂಜಿನ್ ಇರುವ ನಾಡದೋಣಿಗಳಿಗೆ ಕಡಲಿಗಿಳಿಯಲು ಅವಕಾಶವಿದೆ. ಹಾಗಾಗಿ ಈ ಪುಟ್ಟ ಎಂಜಿನ್‌ಗಳು ಹೆಚ್ಚು ದುಡಿಯುವುದು ಕಡಲು ಅತಿ ಕೆಟ್ಟದಾಗಿರುವ ತಿಂಗಳುಗಳಲ್ಲೇ. ಹೊಸ ಸದ್ದುಗಳೂ ಆಗಲೇ ಹುಟ್ಟುತ್ತವೆ.

ಕಿವಿ ಕೊಡುವ ಮೊದಲು

ನೀರಿಲ್ಲದೆ ಎಂಜಿನ್ ಚಾಲೂ ಮಾಡಬೇಡಿ. ತಂಪುನೀರಿನ ಪಂಪಿನೊಳಗಿನ ರಬ್ಬರ್ ಇಂಪೆಲ್ಲರ್‌ಗೆ ನೀರೇ ಜಾರುಪದಾರ್ಥ. ಒಣಗಿದ ಪಂಪು ಕೆಲವೇ ಕ್ಷಣಗಳಲ್ಲಿ ಕೀರಲು ಶುರುಮಾಡುತ್ತದೆ, ಅಷ್ಟರಲ್ಲಿ ರೆಕ್ಕೆಗಳು ಕರಕಲಾಗಿರುತ್ತವೆ. ಹುಡುಕುವ ಭರದಲ್ಲಿ ಎರಡನೇ ದೋಷವನ್ನು ನಾವೇ ಹುಟ್ಟಿಸಿದಂತಾಗುತ್ತದೆ. ದೊಡ್ಡ ಡ್ರಮ್ಮಿನಲ್ಲಿ ನೀರು ತುಂಬಿ, ಪ್ರೊಪೆಲ್ಲರ್ ಮೇಲಿನ ಅಡ್ಡ ತಟ್ಟೆ ಪೂರ್ತಿ ಮುಳುಗುವಂತೆ ಎಂಜಿನ್ ಇಳಿಸಿ. ಡ್ರಮ್ಮಿನಲ್ಲಿ ಐಡ್ಲಿಂಗ್ (ಥ್ರಾಟಲ್ ಪೂರ್ತಿ ಇಳಿಸಿದಾಗಿನ) ವೇಗಕ್ಕಿಂತ ಸ್ವಲ್ಪ ಮೇಲೆ ಹೋದರೆ ಸಾಕು. ಪೂರ್ತಿ ಥ್ರಾಟಲ್ ಪರೀಕ್ಷೆಗೆ ನದಿಯೋ ಅಳಿವೆಯೋ ಬೇಕು.

ಮೇಲಿನ ಕವರ್ ತೆಗೆದಾಗ ಎಂಜಿನ್ನಿನ ನೆತ್ತಿಯಲ್ಲಿ ತಿರುಗುವ ಭಾರದ ಚಕ್ರವಾದ ಫ್ಲೈವೀಲ್ ಬಯಲಾಗಿರುತ್ತದೆ. ಲುಂಗಿಯ ಚುಂಗು, ಹೆಗಲ ಮೇಲಿನ ಬೈರಾಸು, ಕೊರಳ ಸರ, ಯಾವುದೂ ಹತ್ತಿರ ಸುಳಿಯಬಾರದು.

ಸಲಕರಣೆ ಎಂದರೆ ಒಂದು ಉದ್ದನೆಯ ಸ್ಕ್ರೂಡ್ರೈವರ್. ತುದಿಯನ್ನು ಲೋಹಕ್ಕೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ತಾಗಿಸಿದರೆ ಒಳಗಿನ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ಸಿಲಿಂಡರ್ ಬ್ಲಾಕು, ಕ್ರ್ಯಾಂಕ್‌ಕೇಸಿನ ಮೇಲ್ತುದಿ, ಕೆಳತುದಿ, ನಡುವಿನ ಕೊಳವೆ, ಹೀಗೆ ಒಂದೊಂದೇ ಜಾಗದಲ್ಲಿ ಇಟ್ಟು ಕೇಳಿ. ಬರಿಗಿವಿಯನ್ನು ನಂಬುವಂತಿಲ್ಲ: ಕ್ರ್ಯಾಂಕಿನ ತಿರುಗುವಿಕೆಯನ್ನು ಕೆಳಗಿನ ಗೇರಿಗೆ ಒಯ್ಯುವ ಡ್ರೈವ್ ಶಾಫ್ಟ್ ಉದ್ದನೆಯ ಉಕ್ಕಿನ ಸರಳಾದ್ದರಿಂದ ಗೇರಿನ ಸದ್ದನ್ನು ಮೇಲಕ್ಕೂ ಮೇಲಿನ ಸದ್ದನ್ನು ಕೆಳಕ್ಕೂ ಸಲೀಸಾಗಿ ಸಾಗಿಸುತ್ತದೆ.

ಮೊದಲ ವಿಂಗಡಣೆ

ನ್ಯೂಟ್ರಲ್‌ನಲ್ಲಿ ಸದ್ದು ಇದೆಯೇ? ಗೇರ್ ಹಾಕಿದಾಗ ಮಾತ್ರವೇ? ಹೆಚ್ಚಿನವರು ಇಲ್ಲೇ ಅವಸರದ ತೀರ್ಮಾನಕ್ಕೆ ಬರುತ್ತಾರೆ: ನ್ಯೂಟ್ರಲ್‌ನಲ್ಲೂ ಬರುತ್ತಿದೆ, ಆದ್ದರಿಂದ ಗೇರ್ ಕೇಸಿನದಲ್ಲ ಎಂದು. ಇದು ಸರಿಯಲ್ಲ. ನ್ಯೂಟ್ರಲ್‌ನಲ್ಲಿ ನಿಂತಿರುವುದು ಪ್ರೊಪೆಲ್ಲರ್ ಶಾಫ್ಟ್ ಮಾತ್ರ. ಡ್ರೈವ್ ಶಾಫ್ಟ್, ಅದರ ತುದಿಯ ಸಣ್ಣ ಗೇರಾದ ಪಿನಿಯನ್, ಪಿನಿಯನ್‌ಗೆ ಕಚ್ಚಿಕೊಂಡಿರುವ ಮುಂದಿನ ಮತ್ತು ಹಿಂದಿನ ಗೇರುಗಳು ಎಲ್ಲವೂ ತಿರುಗುತ್ತಲೇ ಇರುತ್ತವೆ. ಸದ್ದು ಗೇರ್ ಹಾಕಿದಾಗ ಮಾತ್ರ ಬಂದರೆ ಪ್ರೊಪೆಲ್ಲರ್, ಅದರ ಶಾಫ್ಟು, ಆ ಶಾಫ್ಟಿನ ಬೇರಿಂಗ್, ಗೇರನ್ನು ಆ ಶಾಫ್ಟಿಗೆ ಕಚ್ಚಿಸುವ ಹಲ್ಲಿನ ತುಂಡಾದ ಕ್ಲಚ್ ಡಾಗ್ ಇವುಗಳ ಮೇಲೆ ಗುಮಾನಿ. ನ್ಯೂಟ್ರಲ್‌ನಲ್ಲೂ ಬಂದರೆ ಯಾರನ್ನೂ ಬಿಡುಗಡೆ ಮಾಡುವಂತಿಲ್ಲ, ಸ್ಕ್ರೂಡ್ರೈವರ್ ಹೇಳಬೇಕು.

ಸದ್ದಿನ ಲಯವನ್ನೂ ಗಮನಿಸಿ. ಈ ಗಾತ್ರದ ಎಂಜಿನ್‌ಗಳಲ್ಲಿ ಕ್ರ್ಯಾಂಕ್ ಸುಮಾರು ಎರಡು ಸುತ್ತು ತಿರುಗಿದಾಗ ಪ್ರೊಪೆಲ್ಲರ್ ಒಂದು ಸುತ್ತು ತಿರುಗುತ್ತದೆ. ನಿಮಿಷಕ್ಕೆ 1000 ಸುತ್ತಿನ ಐಡ್ಲಿಂಗ್‌ನಲ್ಲಿ ಕ್ರ್ಯಾಂಕಿನ ಬಡಿತ ಸೆಕೆಂಡಿಗೆ ಹದಿನಾರು ಹದಿನೇಳಾದರೆ ಪ್ರೊಪೆಲ್ಲರಿನದು ಅದರ ಅರ್ಧ. ಎಣಿಸಲಾಗದಿದ್ದರೂ ವ್ಯತ್ಯಾಸ ತಿಳಿಯುತ್ತದೆ: ಎಂಜಿನ್ನಿನ ಗುಡುಗುಡಿಯ ಜೊತೆಗೇ ಬಿಡಿಸಲಾಗದಂತೆ ಬೆರೆತ ಬಡಿತ ಮೇಲಿನದು, ಅದಕ್ಕಿಂತ ನಿಧಾನವಾಗಿ ದಬ್ ದಬ್ ಎಂದು ಹಿಂದೆ ಬೀಳುವ ಬಡಿತ ಕೆಳಗಿನದು. ಹ್ಯಾಂಡಲ್ ಹಿಡಿದ ಅಂಗೈಗೂ ಇದು ಗೊತ್ತಾಗುತ್ತದೆ.

ಟಿಣ್ ಟಿಣ್: ಸೀಮೆಎಣ್ಣೆಯ ಬಡಿತ

ನಮ್ಮ ಕಡೆಯ ಎಂಜಿನ್‌ಗಳನ್ನು ಅತಿ ಹೆಚ್ಚು ಕೊಂದಿರುವ ಸದ್ದು ಇದೇ ಎಂಬುದು ನನ್ನ ಅಂದಾಜು. ಬಲೆ, ಮೀನು, ಜನ ತುಂಬಿದ ದೋಣಿ ಅಲೆಗೆ ಎದುರಾಗಿ ಹೋಗುವಾಗ, ಥ್ರಾಟಲ್ ಮುಕ್ಕಾಲು ದಾಟಿದಾಗ, ಲೋಹದ ಮೇಲೆ ಸಣ್ಣ ಸುತ್ತಿಗೆಯಿಂದ ತಟ್ಟಿದ ಸದ್ದು. ಥ್ರಾಟಲ್ ಇಳಿಸಿದರೆ ಮಾಯ. ಮಾಯವಾಗುವುದರಿಂದಲೇ ಯಾರೂ ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕಾರಣ ಇಂಧನದಲ್ಲಿದೆ. ಇಂಧನ ತಾನಾಗಿ ಸಿಡಿಯದೆ ಎಷ್ಟು ತಡೆದುಕೊಳ್ಳುತ್ತದೆ ಎಂಬುದರ ಅಳತೆಯೇ ಆಕ್ಟೇನ್ ಸಂಖ್ಯೆ; ಇಲ್ಲಿ ಬಂಕಿನಲ್ಲಿ ಸಿಗುವ ಸಾಮಾನ್ಯ ಪೆಟ್ರೋಲಿನದು 90ರ ಮೇಲೆ. ಸೀಮೆಎಣ್ಣೆಯದು ಅದರ ಹತ್ತಿರಕ್ಕೂ ಬರುವುದಿಲ್ಲ. ಸ್ಪಾರ್ಕ್ ಪ್ಲಗ್ ಹಚ್ಚಿದ ಬೆಂಕಿ ಹರಡುತ್ತಿರುವಾಗಲೇ ಮೂಲೆಯಲ್ಲಿ ಉಳಿದ ಸೀಮೆಎಣ್ಣೆಯ ಆವಿ ಬಿಸಿಗೂ ಒತ್ತಡಕ್ಕೂ ತಾನಾಗಿ ಸಿಡಿಯುತ್ತದೆ. ಆ ಸಿಡಿತದ ಪೆಟ್ಟು ಪಿಸ್ಟನ್ನಿನ ತಲೆಗೆ. ಸೀಮೆಎಣ್ಣೆಗೆಂದೇ ಮಾಡಿದ ಎಂಜಿನ್‌ಗಳಲ್ಲಿ ಒತ್ತಡದ ಅನುಪಾತವನ್ನು ತಗ್ಗಿಸಿರುತ್ತಾರೆ. ಪೆಟ್ರೋಲ್ ಎಂಜಿನ್ನಿಗೆ ಎರಡನೇ ಟ್ಯಾಂಕ್ ಜೋಡಿಸಿ ಸೀಮೆಎಣ್ಣೆ ಕುಡಿಸುವ ‘ಉಳಿತಾಯ’ದ ಲೆಕ್ಕ ಪಿಸ್ಟನ್ನಿನ ನಡುವೆ ತೂತು ಬಿದ್ದ ದಿನ ಚುಕ್ತಾ ಆಗುತ್ತದೆ.

ಪರೀಕ್ಷೆ ಸುಲಭ. ಸದ್ದು ಬರುತ್ತಿರುವಾಗ, ಅದೇ ಥ್ರಾಟಲ್‌ನಲ್ಲಿ, ಅದೇ ಭಾರದಲ್ಲಿ ಇಂಧನದ ಕಾಕನ್ನು ಪೆಟ್ರೋಲಿಗೆ ತಿರುಗಿಸಿ. ಕಾರ್ಬ್ಯುರೇಟರಿನಲ್ಲಿ ಉಳಿದ ಸೀಮೆಎಣ್ಣೆ ಖಾಲಿಯಾಗಲು ಒಂದೆರಡು ನಿಮಿಷ ಕಾಯಿರಿ. ಸದ್ದು ನಿಂತರೆ ಅಥವಾ ಬಹಳ ತಗ್ಗಿದರೆ ಅದು ಈ ಬಡಿತವೇ. ಬೇರಿಂಗ್ ಹುಡುಕುತ್ತಾ ಎಂಜಿನ್ ಬಿಚ್ಚುವ ಅಗತ್ಯವಿಲ್ಲ. ಇಂಧನ ಬದಲಾದರೂ ಸದ್ದು ಬದಲಾಗದಿದ್ದರೆ ಅದು ಲೋಹದ ಸವೆತ, ಮುಂದಿನ ಭಾಗ ನೋಡಿ.

ಪ್ಲಗ್ಗನ್ನೂ ತೆಗೆದು ಬಿಸಿಲಿಗೆ ಹಿಡಿಯಿರಿ. ನಡುವಿನ ಬಿಳಿ ಪಿಂಗಾಣಿಯ ಮೇಲೆ ಕರಿಮೆಣಸಿನ ಪುಡಿ ಚೆಲ್ಲಿದಷ್ಟು ಸಣ್ಣ ಚುಕ್ಕೆಗಳಿದ್ದು, ಅವುಗಳಲ್ಲಿ ಕೆಲವು ಬೆಳ್ಳಗೆ ಮಿನುಗಿದರೆ ಅದು ಪಿಸ್ಟನ್ನಿನಿಂದ ಎದ್ದುಬಂದ ಅಲ್ಯೂಮಿನಿಯಂ. ಅಲ್ಲಿಗೆ ಆ ಎಂಜಿನ್ ಅಂದಿನ ಕೆಲಸ ನಿಲ್ಲಿಸಬೇಕು.

ಇದೇ ಎಂಜಿನ್ನಿನಲ್ಲಿ ಹಿಂದೆ ಇಲ್ಲದ ಬಡಿತ ಈಗೇಕೆ ಬಂತು ಎಂದರೆ ಸಾಮಾನ್ಯವಾಗಿ ಇವುಗಳಲ್ಲೊಂದು: ತಂಪುನೀರಿನ ಹರಿವು ಕುಗ್ಗಿದೆ, ಸೀಮೆಎಣ್ಣೆಯ ಮಸಿ ಹೆಡ್ಡಿನೊಳಗೆ ದಪ್ಪಗೆ ಕಟ್ಟಿದೆ, ಕಾರ್ಬ್ಯುರೇಟರಿನಲ್ಲಿ ಇಂಧನ ಬಿಡುವ ಸಣ್ಣ ತೂತಾದ ಜೆಟ್ ಅರೆಬರೆ ಕಟ್ಟಿ ಮಿಶ್ರಣ ತೆಳ್ಳಗಾಗಿದೆ, ಬೇರೆ ಪಿಚ್ಚಿನ (ಒಂದು ಸುತ್ತಿಗೆ ಮುಂದೆ ಸಾಗಬೇಕಾದ ದೂರದ) ಪ್ರೊಪೆಲ್ಲರ್ ಹಾಕಿದ್ದಾರೆ. ಕೊನೆಯದನ್ನು ಯಾರೂ ಶಂಕಿಸುವುದಿಲ್ಲ. ವೇಗದ ಆಸೆಗೆ ಹೆಚ್ಚು ಪಿಚ್ ಇರುವ ಪ್ರೊಪೆಲ್ಲರ್ ಹಾಕಿದರೆ ಎಂಜಿನ್ ತನ್ನ ಪೂರ್ಣ ಸುತ್ತುಗಳನ್ನು ಮುಟ್ಟಲಾರದೆ ಒದ್ದಾಡುತ್ತದೆ, ಬಡಿತ ಹುಟ್ಟುವುದೇ ಆ ಒದ್ದಾಟದಲ್ಲಿ. ದಡಕ್ಕೆ ಬಂದು ನಿಲ್ಲಿಸುವ ಮೊದಲು ಕೆಲವು ನಿಮಿಷ ಪೆಟ್ರೋಲಿನಲ್ಲಿ ಓಡಿಸುವ ಅಭ್ಯಾಸವಿದ್ದರೆ ಮಸಿ ಮತ್ತು ಜೆಟ್ಟಿನ ತೊಂದರೆ ಅರ್ಧಕ್ಕರ್ಧ ಕಡಿಮೆ.

ಇಂಧನಕ್ಕೆ ಬೆರೆಸುವ ಎಣ್ಣೆಯ ವಿಷಯ ಒಂದೇ ಮಾತು. ಎಂಜಿನ್ನಿನ ಕೈಪಿಡಿ 50:1 ಎಂದಿದ್ದರೆ ಲೀಟರಿಗೆ 20 ಮಿಲಿ, ಅಳತೆ ಮಾಡಿ, ಕಣ್ಣಳತೆ ಬೇಡ. ಡಬ್ಬಿಯ ಮೇಲೆ ಟಿಸಿ-ಡಬ್ಲ್ಯು3 ಎಂದು ಬರೆದಿರಬೇಕು. ಬೈಕಿನ ಟು ಟಿ ಎಣ್ಣೆ ನೀರಿನಿಂದ ತಂಪಾಗುವ ಎಂಜಿನ್ನಿಗೆ ಮಾಡಿದ್ದಲ್ಲ.

ಡಬ ಡಬ: ಫ್ಲೈವೀಲೋ ರಾಡೋ

ಪೆಟ್ರೋಲಿನಲ್ಲೂ ನಿಲ್ಲದ ಭಾರವಾದ ಬಡಿತ ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ಕನೆಕ್ಟಿಂಗ್ ರಾಡಿನ (ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಸರಳಿನ) ಬೇರಿಂಗ್ ಹೋಯಿತು. ಹೋಗಿರಬಹುದು. ಆದರೆ ಅದಕ್ಕೆ ಹಣ ಹೊಂದಿಸುವ ಮೊದಲು ಫ್ಲೈವೀಲ್ ನೋಡಿ, ಏಕೆಂದರೆ ಸಡಿಲಾದ ಫ್ಲೈವೀಲ್ ರಾಡಿನ ಸದ್ದನ್ನು ತದ್ರೂಪು ಮಾಡಬಲ್ಲದು.

ಎಂಜಿನ್ ನಿಲ್ಲಿಸಿ, ಎರಡೂ ಪ್ಲಗ್ ತೆಗೆದು, ಹಗ್ಗದ ಸ್ಟಾರ್ಟರ್ ಜೋಡಣೆ ಬಿಚ್ಚಿ. ಫ್ಲೈವೀಲನ್ನು ಎರಡೂ ಕೈಯಿಂದ ಹಿಡಿದು ಎಡಕ್ಕೆ ಬಲಕ್ಕೆ ಚಿಕ್ಕದಾಗಿ ತಿರುಚಿ, ಮೇಲೆ ಕೆಳಗೆ ಅಲ್ಲಾಡಿಸಿ. ಕ್ರ್ಯಾಂಕ್ ಕದಲದೆ ಫ್ಲೈವೀಲ್ ಮಾತ್ರ ಕೂದಲೆಳೆಯಷ್ಟು ಕದಲಿದರೂ ಕಳ್ಳ ಸಿಕ್ಕಿದ. ನಟ್ಟು ಸಡಿಲಾಗಿದೆ, ಫ್ಲೈವೀಲನ್ನು ಕ್ರ್ಯಾಂಕಿಗೆ ಹಿಡಿದಿಡುವ ಸಣ್ಣ ಲೋಹದ ಚಾವಿ ತುಂಡಾಗುವ ಹಾದಿಯಲ್ಲಿದೆ. ಚಾವಿ ಅರೆಬರೆ ಕತ್ತರಿಸಿದ್ದರೆ ಕಿಡಿ ಹಾರುವ ಸಮಯವೂ ತಪ್ಪಿ ಎಂಜಿನ್ ಆಗಾಗ ಹಿಂದಕ್ಕೆ ಒದೆಯುತ್ತದೆ, ಹಗ್ಗ ಕೈಯಿಂದ ಕಿತ್ತುಕೊಳ್ಳುತ್ತದೆ. ಸುಮ್ಮನೆ ನಟ್ಟು ಬಿಗಿದರೆ ಸಾಲದು. ಪುಲ್ಲರ್ ಹಾಕಿ ಎಬ್ಬಿಸಿ, ಇಳಿಜಾರು ಮೈಯನ್ನು ಒರೆಸಿ, ಹೊಸ ಚಾವಿ ಹಾಕಿ, ಕೈಪಿಡಿ ಹೇಳಿದ ಬಿಗಿಗೆ ಟಾರ್ಕ್ ರೆಂಚ್‌ನಿಂದ ಬಿಗಿಯಿರಿ. ಸುತ್ತಿಗೆಯಿಂದ ಹೊಡೆದು ಫ್ಲೈವೀಲ್ ಎಬ್ಬಿಸುವವರ ಕೈಗೆ ಎಂಜಿನ್ ಕೊಡಬೇಡಿ; ಒಳಗಿನ ಅಯಸ್ಕಾಂತ ಬಿಟ್ಟುಬರುತ್ತದೆ, ಆಮೇಲೆ ಅದರದೇ ಒಂದು ಹೊಸ ಕರಕರ.

ಫ್ಲೈವೀಲ್ ಗಟ್ಟಿಯಾಗಿದ್ದರೆ ಮಾತ್ರ ರಾಡಿನ ಪರೀಕ್ಷೆ. ಐಡ್ಲಿಂಗ್‌ನಲ್ಲಿ ಒಂದೊಂದೇ ಸಿಲಿಂಡರಿನ ಕಿಡಿ ನಿಲ್ಲಿಸಿ ಕೇಳಬೇಕು. ಚಾಲೂ ಇರುವಾಗ ಪ್ಲಗ್ಗಿನ ತಂತಿಯನ್ನು ಬರಿಗೈಯಲ್ಲಿ ಎಳೆಯಬೇಡಿ. ಹೊಡೆತ ಕೈಗೆ ಬೀಳುತ್ತದೆ, ಮತ್ತು ತಂತಿ ಗಾಳಿಯಲ್ಲಿ ತೂಗಾಡಿದರೆ ಕಿಡಿ ಹೊಮ್ಮಿಸುವ ಎಲೆಕ್ಟ್ರಾನಿಕ್ ಭಾಗವಾದ ಸಿಡಿಐ ಸುಟ್ಟುಹೋಗಬಹುದು. ಎಂಜಿನ್ ನಿಲ್ಲಿಸಿ, ಒಂದು ತಂತಿಯನ್ನು ಬ್ಲಾಕಿಗೆ ಭದ್ರವಾಗಿ ಅರ್ಥ್ ಮಾಡಿ, ಉಳಿದ ಒಂದರಲ್ಲಿ ಚಾಲೂ ಮಾಡಿ. ಯಾವ ಸಿಲಿಂಡರಿನ ಕಿಡಿ ನಿಂತಾಗ ಬಡಿತ ಮೆತ್ತಗಾಗುತ್ತದೋ ದೋಷ ಆ ಸಿಲಿಂಡರಿನದು. ಖಚಿತಪಡಿಸಿಕೊಳ್ಳಲು ಪ್ಲಗ್ ತೂತಿನಲ್ಲಿ ತಂಪುಪಾನೀಯದ ಪ್ಲಾಸ್ಟಿಕ್ ಸ್ಟ್ರಾ ಇಳಿಸಿ ಪಿಸ್ಟನ್ನಿಗೆ ತಾಗಿಸಿ, ಪಿಸ್ಟನ್ ತುತ್ತತುದಿ ದಾಟಿ ತುಸು ಕೆಳಗಿರುವಾಗ ಫ್ಲೈವೀಲನ್ನು ಹಿಂದೆ ಮುಂದೆ ಆಡಿಸಿ. ಫ್ಲೈವೀಲ್ ತಿರುಗಿದರೂ ಸ್ಟ್ರಾ ಅಲುಗದ ಸತ್ತ ಅಂತರ ಇದ್ದರೆ ರಾಡಿನ ಬೇರಿಂಗ್ ಅಥವಾ ರಾಡನ್ನು ಪಿಸ್ಟನ್ನಿಗೆ ಜೋಡಿಸುವ ಗಜನ್ ಪಿನ್ ಸವೆದಿದೆ. ಕೈಗೆ ಸಿಕ್ಕಿತೆಂದು ತೆಂಗಿನ ಗರಿಯ ಕಡ್ಡಿ ಇಳಿಸಬೇಡಿ. ಅದು ಒಳಗೆ ಮುರಿದರೆ ಇಲ್ಲದ ಹೆಡ್ ಬಿಚ್ಚುವ ಕೆಲಸ ಬರುತ್ತದೆ.

ತಣ್ಣಗಿರುವಾಗ ಮಾತ್ರ ಟಪಟಪ ಎಂದು, ಬಿಸಿಯಾದಂತೆ ಕರಗಿಹೋಗುವ ಸದ್ದು ಪಿಸ್ಟನ್ ಸವೆತದ್ದು. ಕಂಪ್ರೆಷನ್ ಅಳೆದು ಎರಡು ಸಿಲಿಂಡರ್‌ಗಳ ನಡುವೆ ಶೇ. 10ಕ್ಕಿಂತ ಹೆಚ್ಚು ಅಂತರವಿಲ್ಲದಿದ್ದರೆ ಆ ಮಳೆಗಾಲವನ್ನು ದಾಟಿಸಬಹುದು.

ಸೀನು ಮತ್ತು ಉಗುಳು

ಐಡ್ಲಿಂಗ್‌ನಲ್ಲಿ ಕಾರ್ಬ್ಯುರೇಟರಿನ ಬಾಯಿಂದ ‘ಫಕ್’ ಎಂದು ಸೀನಿ ಎಂಜಿನ್ ನಿಂತುಹೋದರೆ ಮಿಶ್ರಣ ತೆಳ್ಳಗಾಗಿದೆ. ಐಡಲ್ ಜೆಟ್ ಸ್ವಚ್ಛ ಮಾಡಿ, ಇಂಧನದ ಕೊಳವೆಯ ಜೋಡಣೆಗಳಲ್ಲಿ ಗಾಳಿ ಹೀರುತ್ತಿದೆಯೇ ನೋಡಿ. ಸೀನಿನ ಜೊತೆ ಇಂಧನವನ್ನೂ ಹೊರಗೆ ಉಗುಳುತ್ತಿದ್ದರೆ ಮಿಶ್ರಣ ಹಿಂದಕ್ಕೆ ಹರಿಯದಂತೆ ತಡೆಯುವ ರೀಡ್ ವಾಲ್ವಿನ ತಗಡು ಸೀಳಿದೆ ಎಂದೇ ತಿಳಿಯಿರಿ. ಈ ತಗಡಿನ ಚೂರು ಕ್ರ್ಯಾಂಕಿನೊಳಗೆ ಹೋದರೆ ಸಿಲಿಂಡರನ್ನು ಗೀರುವುದರಿಂದ ಇದನ್ನು ಮುಂದೂಡುವ ಹಾಗಿಲ್ಲ.

ನೀರಿನ ಪಿಚಕಾರಿ ಸೊರಗಿದಾಗ

ಹಿಂಬದಿಯಲ್ಲಿ ಚಿಮ್ಮುವ ನೀರಿನ ಎಳೆ ಎಂಜಿನ್ನಿನ ನಾಡಿ. ಅದು ಸಣ್ಣದಾಗಿ, ಬಿಸಿಯಾಗಿ, ಜೊತೆಗೆ ಮೇಲೆ ಹೇಳಿದ ಟಿಣ್ ಟಿಣ್ ಸೇರಿಕೊಂಡರೆ ಕಾರಣ ಪಂಪಿನಲ್ಲಿದೆ. ಅಳಿವೆ ದಾಟುವಾಗ ಮರಳು ಕಲಸಿದ ನೀರು ಇಂಪೆಲ್ಲರಿನ ರೆಕ್ಕೆಗಳನ್ನು ಅರೆಯುತ್ತದೆ. ದಿನಾ ಅಳಿವೆಯಲ್ಲೇ ಹೋಗಿಬರುವ ದೋಣಿ ಪ್ರತಿ ವರ್ಷ ಇಂಪೆಲ್ಲರ್ ಬದಲಿಸುವುದು ಒಳ್ಳೆಯದು. ಎಂಜಿನ್ ಕೆಲವು ತಿಂಗಳು ಷೆಡ್ಡಿನಲ್ಲಿತ್ತು ಎಂದಾದರೆ ಮೊದಲು ಆ ಪಿಚಕಾರಿಯ ತೂತಿಗೆ ತೆಳು ತಂತಿ ಹಾಕಿ ನೋಡಿ. ಕುಂಬಾರ ಹುಳು ಒಳಗೆ ಮಣ್ಣಿನ ಮನೆ ಕಟ್ಟಿ ಮುಚ್ಚಿರುವುದು ಅಪರೂಪವೇನಲ್ಲ.

ಕೆಳಗಿನ ಕುಂಯ್: ಗೇರ್ ಕೇಸ್

ವೇಗ ಏರಿದಂತೆ ಸ್ವರ ಏರಿಸುವ, ಗೇರಿನಲ್ಲಿ ಭಾರ ಬಿದ್ದಾಗ ಇನ್ನೂ ಎತ್ತರಕ್ಕೆ ಹೋಗುವ ಕುಂಯ್‌ಗುಟ್ಟುವಿಕೆ ಕೆಳಗಿನಿಂದ ಬಂದರೆ ಬೇರೇನೂ ಮಾಡುವ ಮೊದಲು ಗೇರ್ ಎಣ್ಣೆ ತೆಗೆಯಿರಿ. ಎಂಜಿನ್ ಒಂದು ರಾತ್ರಿ ನೆಟ್ಟಗೆ ನಿಂತಿರಲಿ. ಬೆಳಿಗ್ಗೆ ಕೆಳಗಿನ ಸ್ಕ್ರೂವನ್ನು ನಿಧಾನವಾಗಿ ಸಡಿಲಿಸಿ, ಮೊದಲು ತೊಟ್ಟಿಕ್ಕುವುದನ್ನು ಗಾಜಿನ ಲೋಟದಲ್ಲಿ ಹಿಡಿಯಿರಿ. ಎಣ್ಣೆಗಿಂತ ಭಾರವಾದ ನೀರು ತಳದಲ್ಲಿದ್ದರೆ ಅದೇ ಮೊದಲು ಬರುತ್ತದೆ. ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿ ಕಡೆದು ಬಹಳ ದಿನವಾಗಿದೆ. ಸ್ಕ್ರೂವಿನ ತುದಿಯಲ್ಲಿ ಅಯಸ್ಕಾಂತವಿದ್ದರೆ ಅದಕ್ಕಂಟಿದ್ದನ್ನು ಬೆರಳಲ್ಲಿ ಉಜ್ಜಿ. ಬೂದು ಬಣ್ಣದ ನಯವಾದ ಲೇಪ ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಗೇರಿನ ಹಲ್ಲೋ ಬೇರಿಂಗಿನ ಉಂಡೆಯೋ ಉದುರಿದೆ, ಇನ್ನು ಓಡಿಸುವ ಮಾತೇ ಇಲ್ಲ.

ನೀರು ಎಲ್ಲಿಂದ ಬಂತು? ಪ್ರೊಪೆಲ್ಲರ್ ಕಳಚಿ, ಅದರ ಹಿಂದೆ ಶಾಫ್ಟಿನ ಬುಡವನ್ನು ಟಾರ್ಚ್ ಹಾಕಿ ನೋಡಿ. ಬಲೆಯ ನೈಲಾನ್ ಎಳೆ ಅಲ್ಲಿ ಬಿಗಿಯಾಗಿ ಸುತ್ತಿಕೊಂಡು, ಬಿಸಿಗೆ ಕರಗಿ ಒಂದು ಬಳೆಯಾಗಿ, ಎಣ್ಣೆ ತಡೆಯುವ ಸೀಲಿನ ತುಟಿಯನ್ನು ಕೊಯ್ದಿರುತ್ತದೆ. ಬೀಡುಬಲೆ ಬಿಡುವ ದೋಣಿಗಳಲ್ಲಿ ಇದು ಮಾಮೂಲು. ಹೊರಗಿನಿಂದ ನೋಡಿದರೆ ಏನೂ ಕಾಣದು. ಪ್ರೊಪೆಲ್ಲರಿನ ನಡುಭಾಗವಾದ ಹಬ್ಬು ಅದನ್ನು ಮುಚ್ಚಿರುತ್ತದೆ. ಬಲೆ ಸಿಕ್ಕಿಕೊಂಡ ದಿನವೇ ದಡದಲ್ಲಿ ಪ್ರೊಪೆಲ್ಲರ್ ಬಿಚ್ಚಿ ನೋಡುವವರಿಗೆ ಗೇರ್ ಕೇಸಿನ ಖರ್ಚು ಬರುವುದು ಕಡಿಮೆ.

ಎಣ್ಣೆ ತುಂಬುವಾಗ ಕೆಳಗಿನ ತೂತಿನಿಂದ ಒತ್ತಿ, ಮೇಲಿನ ತೂತಿನಲ್ಲಿ ಗುಳ್ಳೆಯಿಲ್ಲದೆ ಉಕ್ಕುವವರೆಗೆ ತುಂಬಿ. ಮೊದಲು ಮೇಲಿನ ಸ್ಕ್ರೂ ಹಾಕಿ, ಆಮೇಲೆ ಕೆಳಗಿನದು, ಎರಡಕ್ಕೂ ಹೊಸ ವಾಷರ್. ಮೇಲಿನಿಂದ ಸುರಿದರೆ ಗಾಳಿ ಒಳಗೆ ಸಿಕ್ಕಿ ಅರ್ಧ ಎಣ್ಣೆಯಲ್ಲೇ ಗೇರು ತಿರುಗುತ್ತದೆ, ಮತ್ತೆ ಅದೇ ಕುಂಯ್.

ಗೇರ್ ಹಾಕುವಾಗ ಒಮ್ಮೆ ‘ಠಕ್’ ಎನ್ನುವುದು ದೋಷವಲ್ಲ. ಕರಕರಕರ ಎಂದು ಉಜ್ಜಿದರೆ, ಓಡುವಾಗ ಕಟ ಕಟ ಎನ್ನುತ್ತಾ ಗೇರ್ ತಾನಾಗಿ ಜಾರಿದರೆ ಕ್ಲಚ್ ಡಾಗಿನ ಮೂಲೆಗಳು ಉರುಟಾಗಿವೆ. ಇದಕ್ಕೆ ಹೆಚ್ಚಿನ ಸಲ ಕಾರಣ ಎಂಜಿನ್ನಿನ ಮೇಲಿನ ಮಮಕಾರ! ನೋಯದಿರಲಿ ಎಂದು ಲಿವರನ್ನು ಮೆಲ್ಲಗೆ ತಳ್ಳಿದರೆ ಲೋಹದ ಹಲ್ಲುಗಳು ಒಂದನ್ನೊಂದು ಕೆರೆಯುತ್ತವೆ. ಥ್ರಾಟಲ್ ಪೂರ್ತಿ ಇಳಿಸಿ, ಒಂದೇ ಏಟಿಗೆ ಹಾಕಬೇಕು. ಐಡ್ಲಿಂಗ್ ವೇಗ ಜಾಸ್ತಿ ಇಟ್ಟಿದ್ದರೆ ಅದನ್ನೂ ಇಳಿಸಿ.

ಎಂಜಿನ್ ಕಿರುಚುತ್ತದೆ, ದೋಣಿ ಹೋಗುವುದಿಲ್ಲ

ಎರಡು ಸಾಧ್ಯತೆ. ತಿರುವಿನಲ್ಲಿ ಅಥವಾ ಅಲೆಯ ನೆತ್ತಿಯಲ್ಲಿ ಮಾತ್ರ ಹೀಗಾದರೆ ಪ್ರೊಪೆಲ್ಲರ್ ಗಾಳಿ ಹೀರುತ್ತಿದೆ. ಎಂಜಿನ್ ಎತ್ತರದಲ್ಲಿ ಕೂತಿದೆ. ಪ್ರೊಪೆಲ್ಲರ್ ಮೇಲಿನ ಅಡ್ಡ ತಟ್ಟೆ ದೋಣಿಯ ತಳದ ಮಟ್ಟಕ್ಕೆ ಅಥವಾ ಒಂದಂಗುಲ ಕೆಳಗೆ ಬರುವಂತೆ ಇಳಿಸಿ. ನೆಟ್ಟಗೆ ಹೋಗುವಾಗಲೂ ಹೀಗಾದರೆ ಹಬ್ಬಿನೊಳಗಿನ ರಬ್ಬರ್ ಬುಷ್ ಜಾರುತ್ತಿದೆ. ಹಬ್ಬಿನ ಒಳಭಾಗದಿಂದ ಹೊರಭಾಗದವರೆಗೆ ಪೇಂಟಿನಲ್ಲಿ ಒಂದು ನೇರ ಗೆರೆ ಎಳೆದು ಒಮ್ಮೆ ಜೋರಾಗಿ ಓಡಿಸಿ ಬನ್ನಿ. ಗೆರೆ ಎರಡು ತುಂಡಾಗಿ ಬೇರೆ ಬೇರೆ ಕಡೆ ನಿಂತಿದ್ದರೆ ಬುಷ್ ಹೋಗಿದೆ. ಏಟು ಬಿದ್ದಾಗ ತಾನು ಮುರಿದು ಗೇರನ್ನು ಉಳಿಸುವ ಶಿಯರ್ ಪಿನ್ ಇರುವ ಮಾದರಿಯಾದರೆ ಪಿನ್ ತುಂಡಾಗಿದೆ. ಅದರ ಜಾಗಕ್ಕೆ ಉಕ್ಕಿನ ಮೊಳೆ ಹೊಡೆಯಬೇಡಿ, ಮುಂದಿನ ಕಲ್ಲಿಗೆ ಪಿನ್ನಿನ ಬದಲು ಗೇರು ಮುರಿಯುತ್ತದೆ.

ಮುಳುಗಿ ಎದ್ದ ಎಂಜಿನ್

ಅಳಿವೆಯಲ್ಲಿ ದೋಣಿ ಮಗುಚಿ, ಎಂಜಿನ್ ಉಪ್ಪುನೀರು ಕುಡಿದು ಮೇಲೆ ಬಂದಿದೆ. ಒಣಗಿಸಿದರು, ಚಾಲೂ ಆಯಿತು, ಎಲ್ಲರಿಗೂ ಸಮಾಧಾನ. ದಿನಗಳು ಕಳೆದ ಮೇಲೆ ಎಲ್ಲ ವೇಗದಲ್ಲೂ ಒಂದೇ ಸಮನೆ ಗುರ್‌ಗುಟ್ಟುವ ಸದ್ದು ಶುರುವಾಗುತ್ತದೆ. ಕ್ರ್ಯಾಂಕಿನ ಬೇರಿಂಗ್‌ಗಳಿಗೆ ತುಕ್ಕು ಹಿಡಿದು ಮೈಯೆಲ್ಲ ಗುಳಿಬಿದ್ದಿದೆ; ಇದಕ್ಕೆ ಬೇರಿಂಗ್ ಬದಲಿಸುವುದೊಂದೇ ದಾರಿ.

ತಪ್ಪಿಸಬೇಕಾದರೆ ಮೇಲೆತ್ತಿದ ಮೊದಲ ಕೆಲವು ಗಂಟೆಗಳಲ್ಲೇ ಕೆಲಸವಾಗಬೇಕು. ಓಡುತ್ತಿರುವಾಗಲೇ ಮುಳುಗಿತ್ತೇ ಎಂದು ಮೊದಲು ಕೇಳಿ. ಹೌದಾದರೆ ಸಿಲಿಂಡರಿನೊಳಗೆ ನೀರು ಅಮುಕಿ ರಾಡ್ ಬಾಗಿರಬಹುದು: ಪ್ಲಗ್ ತೆಗೆದು ಫ್ಲೈವೀಲನ್ನು ಕೈಯಿಂದ ಒಂದು ಸುತ್ತು ತಿರುಗಿಸಿ, ಎಲ್ಲಾದರೂ ತಡೆದರೆ ಹಗ್ಗ ಎಳೆಯಬೇಡಿ. ಸಲೀಸಾಗಿ ತಿರುಗಿದರೆ ಸಿಹಿನೀರಿನಲ್ಲಿ ಒಳಹೊರಗೆ ತೊಳೆದು, ಪ್ಲಗ್ ತೂತು ಕೆಳಮುಖವಾಗುವಂತೆ ಮಲಗಿಸಿ ನೀರು ಸುರಿಸಿ, ಸಿಲಿಂಡರಿಗೂ ಕಾರ್ಬ್ಯುರೇಟರಿನ ಬಾಯಿಗೂ ಟು ಸ್ಟ್ರೋಕ್ ಎಣ್ಣೆ ಹಾಕಿ ತಿರುಗಿಸಿ, ಹೊಸ ಪೆಟ್ರೋಲಿನಲ್ಲಿ ಅದೇ ದಿನ ಅರ್ಧ ಗಂಟೆಯಾದರೂ ಓಡಿಸಿ. ಮಳೆಗೆ ಹೆದರಿ ನಾಳೆಗೆ ಇಟ್ಟರೆ ಬೇರಿಂಗ್ ಆಸೆ ಬಿಡಿ.

ಎಂಜಿನ್ನಿನದೇ ಅಲ್ಲದ ಸದ್ದು

ಕವರಿನ ಕೊಂಡಿ, ಬ್ರಾಕೆಟ್ಟಿನ ಬಿಗಿ ಸ್ಕ್ರೂ, ತೇವಕ್ಕೆ ಮೆತ್ತಗಾದ ಹಿಂಬದಿಯ ಹಲಗೆ. ಓಡುವಾಗ ಕವರನ್ನು ಅಂಗೈಯಿಂದ ಒತ್ತಿ ಹಿಡಿದರೆ ಸದ್ದು ನಿಂತರೆ ಕೊಂಡಿಗೆ ರಬ್ಬರ್ ತುಂಡು ಇಟ್ಟು ಮುಗಿಸಿ.

ಕಡಲಿನಲ್ಲಿ ಕೇಳಿಬಂದರೆ

ಟಿಣ್ ಟಿಣ್ ಬಂದರೆ ಥ್ರಾಟಲ್ ಅರ್ಧಕ್ಕೆ ಇಳಿಸಿ, ಪೆಟ್ರೋಲಿಗೆ ಬದಲಾಯಿಸಿ, ನೀರಿನ ಪಿಚಕಾರಿ ಸರಿಯಿದ್ದರೆ ಮೆಲ್ಲಗೆ ದಡಕ್ಕೆ ಬನ್ನಿ. ಪಿಚಕಾರಿ ನಿಂತಿದ್ದರೆ ಎಂಜಿನ್ ನಿಲ್ಲಿಸಿ, ನೀರು ಹೀರುವ ಜಾಲರಿಗೆ ಪ್ಲಾಸ್ಟಿಕ್ ಚೀಲ ಅಂಟಿದೆಯೇ ನೋಡಿ. ಕೆಳಗಿನ ಕುಂಯ್ ಆದರೆ ನಿಧಾನ ವೇಗದಲ್ಲಿ ಹಿಂದಿರುಗಬಹುದು, ಆದರೆ ಗೇರನ್ನು ಮತ್ತೆ ಮತ್ತೆ ಬದಲಾಯಿಸಬೇಡಿ. ಬುಷ್ ಜಾರುತ್ತಿದ್ದರೂ ಅಷ್ಟೇ, ಐಡ್ಲಿಂಗ್‌ಗಿಂತ ತುಸು ಮೇಲಿನ ವೇಗದಲ್ಲಿ ದೋಣಿ ತೆವಳುತ್ತದೆ. ಭಾರವಾದ ಡಬ ಡಬ ಏಕಾಏಕಿ ಶುರುವಾದರೆ ಮಾತ್ರ ಎಂಜಿನ್ ನಿಲ್ಲಿಸಿ, ಲಂಗರು ಹಾಕಿ, ಜೊತೆಯ ದೋಣಿಗೆ ಕರೆ ಮಾಡಿ. ಆಗ ಕೊನೆಯ ಒಂದು ಮೈಲಿಗೆಂದು ಹಗ್ಗ ಎಳೆದರೆ, ತುಂಡಾದ ರಾಡ್ ಕ್ರ್ಯಾಂಕ್‌ಕೇಸನ್ನು ಒಡೆದುಕೊಂಡು ಹೊರಬರಬಹುದು.